ಕಪ್ಪದ ಮಾತು, ದತ್ತಕದ ಯುದ್ಧ



ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿಗೆ ಆಂಧ್ರದ ಗಡಿ ದೂರವೇನಲ್ಲ. ಈ ಸೀಮೆಯಲ್ಲಿ ಸಂತೆಯ ಮಾತು ತೆಲುಗು, ಬಹಳಷ್ಟು ಮನೆಗಳ ಮಾತೂ ತೆಲುಗು, ಶಾಲೆಯ ಮಾತು ಕನ್ನಡ. ಇಂಥ ಊರುಗಳಲ್ಲಿ ಆಗಸ್ಟ್ 15ರ ಬೆಳಿಗ್ಗೆ ಬಾವುಟ ಏರಿಸಿದ ಮೇಲೆ ಮಕ್ಕಳ ವೇಷಗಳು ಬರುತ್ತವೆ. ಗಾಂಧಿ ಬರುತ್ತಾರೆ, ನೇತಾಜಿ ಬರುತ್ತಾರೆ, ಕೊನೆಗೆ ಅಮ್ಮನ ರೇಷ್ಮೆ ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ರಟ್ಟಿನ ಕತ್ತಿ ಹಿಡಿದ ಹುಡುಗಿಯೊಬ್ಬಳು ಬರುತ್ತಾಳೆ. ಮನೆಯಲ್ಲಿ ಅಜ್ಜಿಯೊಡನೆ ತೆಲುಗಿನಲ್ಲಿ ಜಗಳವಾಡಿ ಬಂದ ಆ ಮಗು, ಮೈಕಿನ ಮುಂದೆ ನಿಂತು, ಕಣ್ಣರಳಿಸಿ, ಅಪ್ಪಟ ನಾಟಕದ ಕನ್ನಡದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಥ್ಯಾಕರೆ ಸಾಹೇಬನಿಗೆ ಸವಾಲು ಹಾಕುತ್ತದೆ. ಮಳೆ ಸುರಿಸುವುದು ಆಕಾಶ, ಬೆಳೆ ಕೊಡುವುದು ಭೂಮಿ, ನಡುವೆ ನಿನಗೆ ಯಾತರ ಕಪ್ಪ ಎಂಬ ಧಾಟಿಯ ಮಾತು ಅದು. ಕೇಳಿ ಕೇಳಿ ಬಾಯಿಪಾಠವಾಗಿರುವ ಹಿರಿಯರು ಮಗುವಿಗಿಂತ ಒಂದು ಪದ ಮುಂದೆಯೇ ಇರುತ್ತಾರೆ.

ಆ ಮಾತು ಯಾವ ಪಠ್ಯಪುಸ್ತಕದಿಂದಲೂ ಬಂದದ್ದಲ್ಲ. 1961ರಲ್ಲಿ ತೆರೆಕಂಡ ‘ಕಿತ್ತೂರು ಚೆನ್ನಮ್ಮ’ ಚಿತ್ರದಿಂದ ಬಂದದ್ದು. ನಿರ್ಮಿಸಿ ನಿರ್ದೇಶಿಸಿದವರು ಬಿ.ಆರ್. ಪಂತುಲು, ಚಿತ್ರಸಾಹಿತ್ಯ ಜಿ.ವಿ. ಅಯ್ಯರ್ ಅವರದು, ಸಂಗೀತ ಟಿ.ಜಿ. ಲಿಂಗಪ್ಪನವರದು, ಚೆನ್ನಮ್ಮನಾಗಿ ಬಿ. ಸರೋಜಾದೇವಿ, ದೊರೆ ಮಲ್ಲಸರ್ಜನಾಗಿ ರಾಜ್‌ಕುಮಾರ್. ಕನ್ನಡದ ಯುದ್ಧಚಿತ್ರಗಳ ಸಾಲಿನಲ್ಲಿ ಇದಕ್ಕಿಂತ ಅದ್ದೂರಿಯಾದವು ಆಮೇಲೆ ಬಂದಿವೆ. ಆದರೆ ಒಂದು ನಾಡಿನ ಬಾಯಿಗೆ ಮಾತು ಕೊಟ್ಟ ಚಿತ್ರ ಯಾವುದೆಂದರೆ ಇದೇ. ಹಾಗಿರುವಾಗ ಆ ಮಾತು ಎಲ್ಲಿಂದ ಬಂತು, ಏನನ್ನು ಹೇಳಿತು, ಏನನ್ನು ಹೇಳದೆ ಉಳಿಸಿತು ಎಂದು ನೋಡುವುದು ಆ ಚಿತ್ರಕ್ಕೆ ಮಾಡುವ ಅಗೌರವವಲ್ಲ. ಪ್ರೀತಿಯಿಂದ ನೋಡಿದವರೇ ಎರಡನೆಯ ಸಲ ಹತ್ತಿರದಿಂದ ನೋಡುವುದು.

ಪಂತುಲು ಕೋಲಾರ ಜಿಲ್ಲೆಯವರು. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಬೀದಿಯಲ್ಲಿ ಕೇಳಿಸುವ ಸೀಮೆಯಿಂದ ಹೊರಟು ರಂಗಭೂಮಿಯ ಹಾದಿಯಲ್ಲಿ ಸಿನಿಮಾಕ್ಕೆ ಬಂದವರು. 1936ರ ‘ಸಂಸಾರ ನೌಕೆ’ಯಲ್ಲಿ ನಟಿಸಿದರು. ಮುಂದೆ ಮದರಾಸಿನಲ್ಲಿ ಪದ್ಮಿನಿ ಪಿಕ್ಚರ್ಸ್ ಕಟ್ಟಿ ‘ಮೊದಲ ತೇದಿ’, ‘ಸ್ಕೂಲ್ ಮಾಸ್ಟರ್’ ಕೊಟ್ಟರು. ಸಂಬಳದ ದಿನಕ್ಕಾಗಿ ಕಾಯುವ ಸಂಸಾರವಂದಿಗ, ನಿವೃತ್ತನಾದ ಮೇಷ್ಟರು, ಇಂಥವರ ಕಷ್ಟವನ್ನು ತೆರೆಗೆ ತಂದ ಮನುಷ್ಯ ಇದ್ದಕ್ಕಿದ್ದಂತೆ ಕೋಟೆ, ಕುದುರೆ, ಫಿರಂಗಿಗಳ ಕಡೆಗೆ ಹೊರಳಿದ್ದು 1959ರಲ್ಲಿ. ಆ ವರ್ಷ ಅವರು ತಮಿಳಿನಲ್ಲಿ ‘ವೀರಪಾಂಡಿಯ ಕಟ್ಟಬೊಮ್ಮನ್’ ಮಾಡಿದರು. ಶಿವಾಜಿ ಗಣೇಶನ್ ಕಟ್ಟಬೊಮ್ಮನ ಪಾತ್ರದಲ್ಲಿ ಕಂಪನಿಯ ಅಧಿಕಾರಿಯೆದುರು ಗುಡುಗುವ ದೃಶ್ಯ ತಮಿಳುನಾಡಿನ ಹಳ್ಳಿಹಳ್ಳಿಯಲ್ಲಿ ಕಂಠಪಾಠವಾಯಿತು. 1960ರಲ್ಲಿ ಕೈರೋದ ಆಫ್ರೋ-ಏಷ್ಯನ್ ಚಿತ್ರೋತ್ಸವದಲ್ಲಿ ಶಿವಾಜಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು.

ಆ ತಮಿಳು ದೃಶ್ಯವನ್ನೂ ಕನ್ನಡದ ಚೆನ್ನಮ್ಮನ ದೃಶ್ಯವನ್ನೂ ಬೆನ್ನಿಗೆ ಬೆನ್ನು ನೋಡಿದವರಿಗೆ ಇವು ಒಂದೇ ತಾಯಿಯ ಮಕ್ಕಳೆಂಬುದು ತಕ್ಷಣ ತಿಳಿಯುತ್ತದೆ. ಬಿಳಿಯ ಅಧಿಕಾರಿ ಕಪ್ಪ ಕೇಳುತ್ತಾನೆ. ಈ ಕಡೆಯವರು ಮಳೆ, ಮಣ್ಣು, ಬೆವರುಗಳ ಲೆಕ್ಕ ಒಪ್ಪಿಸಿ, ಇದರಲ್ಲಿ ನಿನ್ನ ಪಾಲೆಷ್ಟು ಎಂದು ಕೇಳುತ್ತಾರೆ. ರೈತನಿಗೆ ನೇರವಾಗಿ ನಾಟುವ ತರ್ಕ ಅದು. ಕಂದಾಯದ ರಸೀದಿ ಕಂಡವನಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು ಸಂಗತಿ ಗಡಿ ಸೀಮೆಯವರಿಗೆ ವಿಶೇಷವಾಗಿ ಇಷ್ಟವಾದೀತು. ತಮಿಳರ ಹೆಮ್ಮೆಯ ಸಂಕೇತವಾಗಿ ನಿಂತ ಆ ಪಾಂಚಾಲಂಕುರಿಚಿಯ ಪಾಳೆಯಗಾರ ಕಟ್ಟಬೊಮ್ಮನ್ ಮೂಲದಲ್ಲಿ ತೆಲುಗು ಮನೆಮಾತಿನ ರಾಜಕಂಬಳ ನಾಯಕರ ಕುಲದವನು. ಮನೆಯ ಮಾತು ಒಂದು, ನಾಡಿನ ಮಾತು ಇನ್ನೊಂದು ಎಂಬುದು ನಮ್ಮ ರಟ್ಟಿನ ಕತ್ತಿಯ ಹುಡುಗಿಯೊಬ್ಬಳದೇ ಪಾಡಲ್ಲ.

ಆದರೆ ಇತಿಹಾಸದಲ್ಲಿ ಕಟ್ಟಬೊಮ್ಮನ ಜಗಳ ನಿಜಕ್ಕೂ ಕಿಸ್ತಿನ ಜಗಳವೇ. ಬಾಕಿ ಹಣಕ್ಕಾಗಿ ಕಲೆಕ್ಟರ್ ಜ್ಯಾಕ್ಸನ್ ಅವನನ್ನು ಸತಾಯಿಸಿದ್ದು, ರಾಮನಾಥಪುರದಲ್ಲಿ ಘರ್ಷಣೆಯಾದದ್ದು, ಕೊನೆಗೆ 1799ರ ಅಕ್ಟೋಬರ್ 16ರಂದು ಕಯತ್ತಾರಿನಲ್ಲಿ ಗಲ್ಲಿಗೇರಿಸಿದ್ದು, ಎಲ್ಲದರ ಹಿಂದೆ ಕಂದಾಯವಿತ್ತು. ಕಿತ್ತೂರಿನ ಕಥೆ ಬೇರೆ. ಅದನ್ನು ಸ್ವಲ್ಪ ವಿವರವಾಗಿಯೇ ಕೇಳಬೇಕು.

ಕಿತ್ತೂರಿನ ದೊರೆ ಮಲ್ಲಸರ್ಜ ತೀರಿಕೊಂಡದ್ದು 1816ರಲ್ಲಿ, ಪೇಶ್ವೆಯ ಸೆರೆಯಲ್ಲಿದ್ದು ನರಳಿ ಊರಿಗೆ ಮರಳುವಾಗ. ಹಿರಿಯ ರಾಣಿ ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ ಪಟ್ಟಕ್ಕೆ ಬಂದ. 1818ರಲ್ಲಿ ಮರಾಠರ ಮೇಲೆ ಕಂಪನಿ ದಂಡೆತ್ತಿ ಬಂದಾಗ ಈ ಸಂಸ್ಥಾನ ನಿಂತದ್ದು ಇಂಗ್ಲಿಷರ ಪಕ್ಕದಲ್ಲಿ. ಬೆಳಗಾವಿ ಕೋಟೆಯ ಮುತ್ತಿಗೆಗೆ ನೆರವಾಯಿತು, ಅದಕ್ಕೆ ಪ್ರತಿಯಾಗಿ ಥಾಮಸ್ ಮನ್ರೊನಿಂದ ಸನ್ನದು ಪಡೆಯಿತು. ಅಂದರೆ ಕಿತ್ತೂರು ಕಂಪನಿಗೆ ವರ್ಷಾವರ್ಷ ಹಣ ಕಟ್ಟುತ್ತಿದ್ದ ಸಂಸ್ಥಾನ. 1824ರ ಸೆಪ್ಟೆಂಬರ್‌ನಲ್ಲಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಮುನ್ನ ಒಂದು ಮಗುವನ್ನು ದತ್ತು ತೆಗೆದುಕೊಂಡಿದ್ದ ಎಂದು ಅರಮನೆ ಹೇಳಿತು. ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಒಪ್ಪಲಿಲ್ಲ, ದತ್ತಕದ ಕಾಗದದ ಮೇಲಿನ ಸಹಿಯನ್ನೇ ಅನುಮಾನಿಸಿದ. ಅರಮನೆಯ ಖಜಾನೆಗೆ ಮುದ್ರೆ ಹಾಕಿಸಿ ಕಾವಲಿಟ್ಟ. ತನ್ನ ಕಡೆಯವರನ್ನು ಆಡಳಿತಕ್ಕೆ ಕೂರಿಸಿದ.

ಯುದ್ಧ ಹುಟ್ಟಿದ್ದು ಅಲ್ಲಿಂದ. ಒಂದು ಮಗುವಿನ ದತ್ತಕ, ಒಂದು ಸಹಿ, ಒಂದು ಬೀಗಮುದ್ರೆ. ಡಾಲ್‌ಹೌಸಿ ಇಂಡಿಯಾಕ್ಕೆ ಬಂದದ್ದು 1848ರಲ್ಲಿ. ಮಕ್ಕಳಿಲ್ಲದ ಸಂಸ್ಥಾನಗಳನ್ನು ನುಂಗುವ ಅವನ ಕುಖ್ಯಾತ ನೀತಿಗೆ ಇನ್ನೂ ಹೆಸರೇ ಇಲ್ಲದ ಕಾಲದಲ್ಲಿ, ಅದಕ್ಕಿಂತ ಎರಡು ದಶಕ ಮೊದಲೇ, ಕಿತ್ತೂರಿನಲ್ಲಿ ಅದರ ಪೂರ್ವಾಭ್ಯಾಸ ನಡೆದಿತ್ತು. ಮನೆಯ ಒಳಗೆ ಯಾರು ಮಗ, ಯಾರು ವಾರಸುದಾರ ಎಂದು ಹೊರಗಿನ ಕಚೇರಿಯೊಂದು ತೀರ್ಮಾನಿಸಬಹುದೆ ಎಂಬ ಪ್ರಶ್ನೆಗೆ ಮಲ್ಲಸರ್ಜನ ಕಿರಿಯ ರಾಣಿ ಚೆನ್ನಮ್ಮ ಕೊಟ್ಟ ಉತ್ತರ 1824ರ ಅಕ್ಟೋಬರ್ 23ರಂದು ಕೋಟೆಯ ಬಾಗಿಲಲ್ಲಿ ಕಂಡಿತು. ಬಾಗಿಲು ಒಡೆಯಲು ಫಿರಂಗಿ ತಂದ ಥ್ಯಾಕರೆಯ ಮೇಲೆ ಸರದಾರ ಗುರುಸಿದ್ದಪ್ಪನ ಪಡೆ ನುಗ್ಗಿತು. ಅಮಟೂರು ಬಾಳಪ್ಪನ ಗುಂಡಿಗೆ ಥ್ಯಾಕರೆ ಸತ್ತ. ಸ್ಟೀವನ್‌ಸನ್, ವಾಲ್ಟರ್ ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳು ಸೆರೆಯಾದರು. ಮಾತುಕತೆಯ ಭರವಸೆಯ ಮೇಲೆ ಅವರನ್ನು ಬಿಟ್ಟುಕೊಟ್ಟರೂ ಕಂಪನಿ ದೊಡ್ಡ ದಂಡು ಕೂಡಿಸಿ ಮತ್ತೆ ಬಂತು. ಡಿಸೆಂಬರ್ ಮೊದಲ ವಾರದಲ್ಲಿ ಕೋಟೆ ಬಿತ್ತು. ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು. 1829ರ ಫೆಬ್ರವರಿ 2ರಂದು ಅಲ್ಲಿಯೇ ಆಕೆಯ ಪ್ರಾಣ ಹೋಯಿತು.

ಚಿತ್ರದಲ್ಲಿ ದತ್ತಕದ ಪ್ರಸಂಗ ಇಲ್ಲವೆಂದಲ್ಲ. ಇದೆ. ಆದರೆ ನೋಡಿದವರ ಎದೆಯಲ್ಲಿ ಉಳಿದದ್ದು ಕಪ್ಪದ ಮಾತು. ಪಾಂಚಾಲಂಕುರಿಚಿಯ ಸಿಟ್ಟನ್ನು ಪಂತುಲು ಕಿತ್ತೂರಿಗೆ ತಂದು ನೆಟ್ಟರು, ಅದು ಅಲ್ಲಿಯೇ ಹುಟ್ಟಿದ್ದೇನೋ ಎಂಬಷ್ಟು ಸೊಗಸಾಗಿ ಬೇರೂರಿತು. ಟೆಂಟಿನ ನೆಲದ ಮೇಲೆ ಕೂತ ಪ್ರೇಕ್ಷಕನಿಗೆ ಸಂಸ್ಥಾನದ ವಾರಸುದಾರಿಕೆಯ ಕಾನೂನು ಯಾರ ಮನೆಯ ವಿಚಾರವೋ ಅನ್ನಿಸಬಹುದು. ಬೆಳೆ ಬೆಳೆದವನ ಕೈಯಿಂದ ಕಿತ್ತುಕೊಳ್ಳುವ ಅನ್ಯಾಯ ಮಾತ್ರ ಅವನ ಮನೆಯದೇ. ರಾಜಮನೆತನದ ಹಕ್ಕಿನ ಜಗಳವನ್ನು ಬೇಸಾಯಗಾರನ ಹಕ್ಕಿನ ಜಗಳವಾಗಿ ಮಾರ್ಪಡಿಸಿದ್ದು ಈ ಚಿತ್ರದ ದೊಡ್ಡ ರಾಜಕೀಯ ಕೆಲಸ. ಚರಿತ್ರೆಯ ಕಣ್ಣಿನಿಂದ ನೋಡಿದರೆ ಅದು ಪಲ್ಲಟ. 1961ರ ಪ್ರಜಾರಾಜ್ಯದ ಕಣ್ಣಿನಿಂದ ನೋಡಿದರೆ, ರಾಣಿಯನ್ನು ಪ್ರಜೆಗಳ ವಕೀಲಳನ್ನಾಗಿ ಮಾಡುವ ಜಾಣ್ಮೆ.

ಸೋಲಿನ ವಿಚಾರದಲ್ಲಿ ಅದೇ ಮೆಚ್ಚುಗೆ ಹೇಳಲು ಬರುವುದಿಲ್ಲ. ಮಲ್ಲಪ್ಪ ಶೆಟ್ಟಿ, ವೆಂಕಟರಾವ್ ಎಂಬ ಹೆಸರುಗಳು ಕಿತ್ತೂರು ನಾಡಿನಲ್ಲಿ ಇಂದಿಗೂ ಬೈಗುಳದಂತೆ ಬಳಕೆಯಲ್ಲಿವೆ. ತೋಪಿನ ಮದ್ದಿಗೆ ಸೆಗಣಿ, ಕಾಳು ಬೆರೆಸಿ ಕೋಟೆಯನ್ನು ಒಪ್ಪಿಸಿದರು ಎಂಬುದು ಜನರ ಬಾಯಲ್ಲಿ ಉಳಿದ ಕಥೆ. ಚಿತ್ರವೂ ಸೋಲಿನ ಹೊರೆಯನ್ನು ಒಳಗಿನ ದ್ರೋಹಿಗಳ ಹೆಗಲಿಗೇ ಹೊರಿಸುತ್ತದೆ. ಕಟ್ಟಬೊಮ್ಮನ ಚಿತ್ರದಲ್ಲಿ ಎಟ್ಟಪ್ಪನಿಗೆ ಬಂದದ್ದೂ ಇದೇ ಗತಿ, ತಮಿಳಿನಲ್ಲಿ ಆ ಹೆಸರೇ ದ್ರೋಹಕ್ಕೆ ಇನ್ನೊಂದು ಪದವಾಗಿ ಹೋಯಿತು. ಯುದ್ಧಚಿತ್ರಕ್ಕೆ ದ್ರೋಹಿ ಬೇಕೇ ಬೇಕು. ಅವನಿಲ್ಲದಿದ್ದರೆ ನಮ್ಮ ವೀರರು ಏಕೆ ಸೋತರು ಎಂಬ ಕಹಿ ಪ್ರಶ್ನೆಗೆ ಉತ್ತರ ಹುಡುಕಬೇಕಾಗುತ್ತದೆ. ಸುತ್ತಲಿನ ದೇಸಗತಿಗಳು ಏಕೆ ಸುಮ್ಮನಿದ್ದವು, ಆರು ವರ್ಷದ ಹಿಂದೆ ಪೇಶ್ವೆಯನ್ನು ಕೆಡವಲು ಕೈಜೋಡಿಸಿದ ಕಂಪನಿ ನಾಳೆ ನಮ್ಮ ಬಾಗಿಲಿಗೂ ಬರುತ್ತದೆಂದು ಏಕೆ ಹೊಳೆಯಲಿಲ್ಲ ಎಂಬಂಥ ಪ್ರಶ್ನೆಗಳು ಅವು.

ಇಲ್ಲಿ ಕೋಲಾರ ಜಿಲ್ಲೆಯ ಇನ್ನೊಬ್ಬರು ನೆನಪಾಗುತ್ತಾರೆ. ಮಾಲೂರು ತಾಲ್ಲೂಕಿನ ಮಾಸ್ತಿಯವರು. ಅವರ ‘ಚಿಕವೀರರಾಜೇಂದ್ರ’ ಪ್ರಕಟವಾದದ್ದು 1956ರಲ್ಲಿ, ‘ಕಿತ್ತೂರು ಚೆನ್ನಮ್ಮ’ ಬರುವುದಕ್ಕೆ ಐದೇ ವರ್ಷ ಮೊದಲು. ವಸ್ತು ಹೆಚ್ಚುಕಡಿಮೆ ಒಂದೇ: ಕನ್ನಡದ ಒಂದು ಪುಟ್ಟ ರಾಜ್ಯ ಕಂಪನಿಯ ಕೈಗೆ ಹೋದ ಕಥೆ. ಕೊಡಗು ಹೋದದ್ದು 1834ರಲ್ಲಿ, ಕಿತ್ತೂರು ಬಿದ್ದ ಹತ್ತು ವರ್ಷಕ್ಕೆ. ಮಾಸ್ತಿಯವರು ದ್ರೋಹಿಯನ್ನು ಹುಡುಕಲಿಲ್ಲ. ದೊರೆಯೇ ಕ್ರೂರಿಯಾದಾಗ ಮಂತ್ರಿ ಬೋಪಣ್ಣ ಇಂಗ್ಲಿಷರ ಕಡೆಗೆ ವಾಲುತ್ತಾನೆ. ಅವನು ಕೆಟ್ಟವನಲ್ಲ, ಕುದಿದು ಬೆಂದು ಆ ತೀರ್ಮಾನಕ್ಕೆ ಬಂದವನು. ಓದುಗನಿಗೆ ಅವನನ್ನು ಬೈಯಲೂ ಮನಸ್ಸು ಬರುವುದಿಲ್ಲ, ಕ್ಷಮಿಸಲೂ ಆಗುವುದಿಲ್ಲ. ಒಂದೇ ಜಿಲ್ಲೆಯ ಮಣ್ಣಿನ ಇಬ್ಬರು ಒಂದೇ ದಶಕದೊಳಗೆ ಒಂದೇ ಬಗೆಯ ಪತನವನ್ನು ಇಷ್ಟು ಬೇರೆಯಾಗಿ ಕಂಡದ್ದು ಸಣ್ಣ ಮಾತಲ್ಲ. ಒಂಟಿಯಾಗಿ ಕೂತು ಓದುವವನಿಗೆ ಹೇಳುವ ಸತ್ಯವನ್ನು ಐನೂರು ಜನ ಒಟ್ಟಿಗೆ ಕೂತ ಟೆಂಟಿನಲ್ಲಿ ಹೇಳಲು ಬೇರೆ ಧೈರ್ಯ ಬೇಕು. ಪಂತುಲು ಅವರಿಗೆ ಆ ಧೈರ್ಯ ಬೇಕಾಗಿರಲಿಲ್ಲ. ಅವರಿಗೆ ಬೇಕಾಗಿದ್ದುದು ಬೇರೆಯೇ.

ಅದೇನು ಎಂಬುದಕ್ಕೆ ಇಸವಿಗಳೇ ಸುಳಿವು ಕೊಡುತ್ತವೆ. 1956ರ ನವೆಂಬರ್ 1ರಂದು ಏಕೀಕರಣವಾಯಿತು. ಮುಂಬಯಿ ಪ್ರಾಂತ್ಯದ ಬೆಳಗಾವಿ, ಧಾರವಾಡಗಳೂ ಹಳೇ ಮೈಸೂರಿನ ಕೋಲಾರ, ತುಮಕೂರುಗಳೂ ಒಂದೇ ರಾಜ್ಯದೊಳಗೆ ಬಂದವು. ರಾಜ್ಯದ ಹೆಸರು ಮಾತ್ರ 1973ರವರೆಗೆ ಮೈಸೂರು ಎಂದೇ ಉಳಿಯಿತು, ಉತ್ತರದವರಿಗೆ ಅದರ ನೋವೂ ಇತ್ತು. ಕೋಲಾರದ ರೈತನಿಗೆ ಕಿತ್ತೂರು ಎಲ್ಲಿದೆಯೆಂದು ಗೊತ್ತಿರಲು ಕಾರಣವಿರಲಿಲ್ಲ. ಅವನ ರಾಜರೆಂದರೆ ಒಡೆಯರು. 1960ರಲ್ಲಿ ಬಂದ ‘ರಣಧೀರ ಕಂಠೀರವ’ ಆ ಒಡೆಯರ ಕಥೆಯೇ. ಅದರ ಮರುವರ್ಷವೇ ಕೋಲಾರದ ನಿರ್ಮಾಪಕನೊಬ್ಬ ಬೆಂಗಳೂರಿನ ಹುಡುಗಿಯನ್ನು ಬೆಳಗಾವಿ ಸೀಮೆಯ ರಾಣಿ ಮಾಡಿ ತೋರಿಸಿದ. ನೋಡಿದವರೆಲ್ಲ ಅವಳನ್ನು ನಮ್ಮ ಚೆನ್ನಮ್ಮ ಎಂದರು. ಸರ್ಕಾರದ ಗೆಜೆಟ್ಟು ಮಾಡಿದ ಏಕೀಕರಣವನ್ನು ಮನಸ್ಸಿನಲ್ಲಿ ಪೂರ್ತಿ ಮಾಡಿಸಿದ ಕೆಲವೇ ಸಂಗತಿಗಳಲ್ಲಿ ಈ ಚಿತ್ರ ಒಂದು. ಬೆಳಗಾವಿಯ ಗಡಿ ವಿವಾದ ಬಿಸಿಯಾಗಿದ್ದ ಕಾಲ ಬೇರೆ, ಅದರ ಮೇಲಿನ ಮಹಾಜನ್ ಆಯೋಗದ ವರದಿ ಬಂದದ್ದು 1967ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ ತೆರೆಯ ಮೇಲೆ ಕಿತ್ತೂರಿನ ರಾಣಿ ಕನ್ನಡದಲ್ಲಿ ಗುಡುಗಿದ್ದಳು. 1970ರಲ್ಲಿ ಪಂತುಲು ‘ಶ್ರೀಕೃಷ್ಣದೇವರಾಯ’ ಮಾಡಿ ತಾವೇ ಮಂತ್ರಿ ತಿಮ್ಮರಸುವಿನ ಪಾತ್ರ ವಹಿಸಿದ್ದನ್ನೂ ಸೇರಿಸಿಕೊಂಡರೆ, ಹೊಸ ರಾಜ್ಯದ ಭೂಪಟಕ್ಕೆ ಸಿನಿಮಾ ಹೇಗೆ ಬಣ್ಣ ತುಂಬಿತೆಂದು ಕಾಣುತ್ತದೆ.

ಆದರೆ ಯಾವ ಕನ್ನಡದಲ್ಲಿ ಗುಡುಗಿದಳು? ಬೈಲಹೊಂಗಲದ ಓಣಿಯ ಕನ್ನಡದಲ್ಲಲ್ಲ. ನಾಟಕ ಕಂಪನಿಗಳು ಪಳಗಿಸಿದ ಗ್ರಾಂಥಿಕ ಕನ್ನಡದಲ್ಲಿ. ಉತ್ತರದ ಆಡುಮಾತು ಆ ಕಾಲದ ಕನ್ನಡ ಚಿತ್ರಗಳಲ್ಲಿ ಬಂದರೆ ಹಾಸ್ಯಕ್ಕೆ ಬರುತ್ತಿತ್ತು, ಸಿಂಹಾಸನದ ಮೇಲೆ ಕೂರುತ್ತಿರಲಿಲ್ಲ. ಕಿತ್ತೂರಿಗೆ ಕೊಟ್ಟ ಗೌರವದಲ್ಲಿ ಕಿತ್ತೂರಿನ ನಾಲಿಗೆಗೆ ಪಾಲು ಸಿಗಲಿಲ್ಲ, ಇದು ನೋವಿನ ಮಾತೇ. ಅದೇ ನಾಟಕದ ಕನ್ನಡ ಯಾರ ಮನೆಮಾತೂ ಅಲ್ಲದ್ದರಿಂದ ಎಲ್ಲರಿಗೂ ಸಮಾನ ದೂರದಲ್ಲಿತ್ತು, ಹಾಗಾಗಿ ಗೌನಿಪಲ್ಲಿಯ ತೆಲುಗು ಮನೆಯ ಮಗುವಿಗೂ ದಕ್ಕಿತು ಎಂಬುದನ್ನೂ ಒಪ್ಪಬೇಕು.

ಹೆಣ್ಣಿನ ಚಿತ್ರಣದ ಬಗ್ಗೆ ಎರಡು ಮಾತು. 1953ರಲ್ಲಿ ಸೊಹ್ರಾಬ್ ಮೋದಿ ‘ಝಾನ್ಸಿ ಕಿ ರಾನಿ’ಯನ್ನು ಭಾರಿ ಖರ್ಚಿನಲ್ಲಿ ಟೆಕ್ನಿಕಲರ್‌ನಲ್ಲಿ ತೆಗೆದು ಕೈಸುಟ್ಟುಕೊಂಡಿದ್ದರು. ಕುದುರೆಯೇರಿದ ರಾಣಿಯನ್ನು ನೋಡಲು ಜನ ಬರುವುದಿಲ್ಲ ಎಂದು ಹೇಳಲು ಯಾರಿಗಾದರೂ ಆಧಾರವಿತ್ತು. ಪಂತುಲು ಕಪ್ಪುಬಿಳುಪಿನಲ್ಲೇ ಆ ಸಾಹಸಕ್ಕೆ ಇಳಿದರು. ಆಗಲೇ ಜನಪ್ರಿಯರಾಗಿದ್ದ ರಾಜ್‌ಕುಮಾರ್ ಅವರಿಗೆ ಕೊಟ್ಟದ್ದು ನಡುವೆಯೇ ಮರೆಯಾಗುವ ಗಂಡನ ಪಾತ್ರ. ಅವರು ಅದನ್ನು ಒಪ್ಪಿ ಮಾಡಿದರು. ಯುದ್ಧದ ಹೊತ್ತಿಗೆ ತೆರೆ ಪೂರ್ತಿ ಚೆನ್ನಮ್ಮನದು. ಆಗಿನ್ನೂ ಇಪ್ಪತ್ಮೂರರ ಸರೋಜಾದೇವಿ ಮದುಮಗಳ ಲಜ್ಜೆಯಿಂದ ವಿಧವೆಯ ಗಾಂಭೀರ್ಯಕ್ಕೆ, ಅಲ್ಲಿಂದ ಕತ್ತಿ ಹಿಡಿದ ರೋಷಕ್ಕೆ ಏರುವುದನ್ನು ನೋಡಿಯೇ ತಿಳಿಯಬೇಕು. ಚಿತ್ರದಲ್ಲಿ ಅಕ್ಕಮಹಾದೇವಿಯ ವಚನವೊಂದನ್ನು ಪಿ. ಸುಶೀಲ ಹಾಡಿದ್ದಾರೆ. ರಣಕಹಳೆಯ ಕಥೆಯೊಳಗೆ ಹನ್ನೆರಡನೆಯ ಶತಮಾನದ ಆ ಹೆಣ್ಣಿನ ದನಿ ಕೇಳಿಸುವುದು ಸುಮ್ಮನೆ ಭಕ್ತಿಗೀತೆಯ ಜಾಗ ತುಂಬಲಿಕ್ಕಲ್ಲ. ಅರಮನೆಗೆ ಬೆನ್ನು ಹಾಕಿ ನಡೆದವಳೊಬ್ಬಳು, ಅರಮನೆಯನ್ನು ಕಾಯಲು ನಿಂತವಳೊಬ್ಬಳು, ಇಬ್ಬರೂ ಒಂದೇ ನಾಡಿನ ಮಕ್ಕಳು. 2025ರ ಜುಲೈ 14ರಂದು ಸರೋಜಾದೇವಿ ತೀರಿಕೊಂಡಾಗ ಹಲವು ಭಾಷೆಗಳ ಚಿತ್ರಗಳ ನಡುವೆ ಕನ್ನಡಿಗರು ಮೊದಲು ನೆನೆದದ್ದು ಈ ಪಾತ್ರವನ್ನೇ.

ಚಿತ್ರದ ಕಣ್ಣು ಅರಮನೆಯ ಮೇಲಿದೆ, ಹಳ್ಳಿಯ ಮೇಲಲ್ಲ. ಕಿತ್ತೂರಿಗಾಗಿ ಹೋರಾಡಿದ ಸಂಗೊಳ್ಳಿ ರಾಯಣ್ಣ ಹಳ್ಳಿಯ ಶೇತಸನದಿ, ಕಾವಲಿನ ಚಾಕರಿಗೆ ಪ್ರತಿಯಾಗಿ ಭೂಮಿ ಉಂಬಳಿ ಪಡೆದವನು. ಕೋಟೆ ಬಿದ್ದ ಮೇಲೆ ಅಂಥವರ ಭೂಮಿಗೇ ಕುತ್ತು ಬಂತು. 1830ರಲ್ಲಿ ಕಂಪನಿಯ ವಿರುದ್ಧ ಅವನು ಎದ್ದಾಗ ಸುಟ್ಟದ್ದು ಸರ್ಕಾರಿ ಕಚೇರಿಗಳನ್ನು, ದಫ್ತರಗಳನ್ನು. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಕಪ್ಪದ ಮಾತು ನಿಜವಾಗಿ ಹೊಂದುವುದು ಇವನ ಬಾಯಿಗೆ. ಜನ ಅವನನ್ನು ಮರೆಯಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಜೆ.ಎಫ್. ಫ್ಲೀಟ್ ಕನ್ನಡ ಲಾವಣಿಗಳನ್ನು ಸಂಗ್ರಹಿಸಿದಾಗ ಹಲಗಲಿಯ ಬೇಡರ ಜೊತೆಗೆ ರಾಯಣ್ಣನ ಲಾವಣಿಯೂ ಸಿಕ್ಕಿತು. ಸಿನಿಮಾದಲ್ಲಿ ಮಾತ್ರ ಅವನು ಬಹುಕಾಲ ರಾಣಿಯ ಬಲಗೈ ಬಂಟನಾಗಿಯೇ ಇದ್ದ. 2012ರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ದ ಹೊತ್ತಿಗೆ ತಕ್ಕಡಿ ಇನ್ನೊಂದು ಕಡೆ ವಾಲಿತ್ತು: ದರ್ಶನ್ ಅವರ ರಾಯಣ್ಣ ನಡುವೆ, ಜಯಪ್ರದಾ ಅವರ ಚೆನ್ನಮ್ಮ ಪಕ್ಕಕ್ಕೆ. ಅರ್ಧ ಶತಮಾನದಲ್ಲಿ ಕರ್ನಾಟಕದ ರಾಜಕೀಯದಲ್ಲಿ ಯಾರ ದನಿ ಮೇಲೆದ್ದಿತು ಎಂಬುದನ್ನು ಈ ಎರಡು ಚಿತ್ರಗಳ ಪೋಸ್ಟರುಗಳನ್ನು ಅಕ್ಕಪಕ್ಕ ಹಿಡಿದೇ ಹೇಳಬಹುದು.

ಕೋಲಾರದವರು ಕೇಳಬಹುದಾದ ಒಂದು ಪ್ರಶ್ನೆ ಇನ್ನೂ ಉಳಿದಿದೆ. ಕಂಪನಿಯ ದಂಡನ್ನು ಇದೇ ಜಿಲ್ಲೆಯ ನೆಲದಲ್ಲಿ ಎದುರಿಸಿದವನು ಹೈದರಾಲಿ. ಹುಟ್ಟಿದ್ದು ಬೂದಿಕೋಟೆಯಲ್ಲಿ, ತಂದೆ ಫತೇ ಮಹಮ್ಮದನ ಗೋರಿ ಕೋಲಾರದಲ್ಲಿ. 1768ರ ಅಕ್ಟೋಬರ್‌ನಲ್ಲಿ ಮುಳಬಾಗಿಲಿನ ಬಂಡೆಗಳ ನಡುವೆ ಕರ್ನಲ್ ವುಡ್‌ನ ಪಡೆಯೊಡನೆ ಅವನು ಕಾದಾಡಿದ. ಕಿತ್ತೂರಿಗಿಂತ 56 ವರ್ಷ ಮೊದಲಿನ ಮಾತು. ಪಂತುಲು ತಮ್ಮ ಜಿಲ್ಲೆಯ ಈ ಮಗನ ಕಥೆಯನ್ನು ತೆರೆಗೆ ತರಲಿಲ್ಲ. ಕನ್ನಡ ಪ್ರೇಕ್ಷಕರ ಮನಸ್ಸಿನಲ್ಲಿ ಅಚ್ಚೊತ್ತಿದ ಹೈದರ್ ಎಂದರೆ 1972ರ ‘ನಾಗರಹಾವು’ ಚಿತ್ರದ ಓಬವ್ವನ ಪ್ರಸಂಗದಲ್ಲಿ ಚಿತ್ರದುರ್ಗದ ಕೋಟೆಯ ಕಿಂಡಿಯೊಳಗೆ ಸೈನಿಕರನ್ನು ನುಗ್ಗಿಸುವ ಶತ್ರು. ಜಯಂತಿಯವರ ಒನಕೆಯ ಏಟಿಗೆ ಚಪ್ಪಾಳೆ ತಟ್ಟದವರಿಲ್ಲ, ತಟ್ಟಲೇಬೇಕಾದ ದೃಶ್ಯ ಅದು. ಚಿತ್ರದುರ್ಗದಿಂದ ನೋಡಿದರೆ ಅವನು ಮುತ್ತಿಗೆ ಹಾಕಿದವನು ಹೌದು. ಮುಳಬಾಗಿಲಿನಿಂದ ನೋಡಿದ ಹೈದರನ ಚಿತ್ರವನ್ನು ಮಾತ್ರ ಕನ್ನಡ ಸಿನಿಮಾ ನಮಗೆ ಕೊಟ್ಟಿಲ್ಲ, ಆ ಕೊರತೆ ಈ ಜಿಲ್ಲೆಗೆ ತಟ್ಟಬೇಕು.

ಕಿತ್ತೂರಿನ ಸೆರೆಯಲ್ಲಿದ್ದ ವಾಲ್ಟರ್ ಎಲಿಯಟ್‌ನ ಕಥೆಯೂ ಯುದ್ಧಚಿತ್ರಕ್ಕೆ ಒಗ್ಗದ ಕಥೆಯೇ. ಆಗ ಅವನು ಇಪ್ಪತ್ತೊಂದರ ಆಸುಪಾಸಿನ ಹುಡುಗ. ಕಲೆಕ್ಟರ್ ಸಾಹೇಬ ಕೋಟೆಯ ಬಾಗಿಲಲ್ಲಿ ಸತ್ತದ್ದನ್ನು ಕಂಡವನು, ಚೆನ್ನಮ್ಮನ ಕಡೆಯವರ ಕಾವಲಿನಲ್ಲಿ ವಾರಗಟ್ಟಲೆ ಉಳಿದು ಜೀವಸಹಿತ ಹೊರಬಂದವನು. ಬಿಡುಗಡೆಯಾದ ಮೇಲೆ ಆ ಸೀಮೆಗೆ ಬೆನ್ನು ಹಾಕಿ ಓಡಲಿಲ್ಲ. ಧಾರವಾಡದ ಸುತ್ತಲೇ ವರ್ಷಗಟ್ಟಲೆ ಕೆಲಸ ಮಾಡಿದ. ಊರೂರಿನ ಗುಡಿಗಳ ಮುಂದಿನ ಕಲ್ಲುಗಳನ್ನು ಓದಿಸಿ, ನಕಲು ಮಾಡಿಸಿ, ಕರ್ನಾಟಕ ದೇಶದ ಶಾಸನಗಳ ದೊಡ್ಡ ಸಂಗ್ರಹವನ್ನೇ ಕಟ್ಟಿದ. ಚಾಲುಕ್ಯರ ವಂಶಾವಳಿಯನ್ನು ಹೊಸಗಾಲದಲ್ಲಿ ಜೋಡಿಸಲು ಮೊದಲು ಕೈಹಾಕಿದವರಲ್ಲಿ ಅವನೊಬ್ಬ. ಆ ಕಲ್ಲುಗಳ ಮೇಲಿದ್ದ ಅಕ್ಷರ ಕನ್ನಡದ್ದು.